ಸೂಜಿಮೊನೆಯಷ್ಟು ನೋವು

ಕಾಲಿಗೆ ಮುಳ್ಳು ಚುಚ್ಚಿದರೆ ಮುಳ್ಳನ್ನು ತೋರಿಸಬಹುದು. ಮೂಳೆ ಮುರಿದರೆ ಕ್ಷ-ಕಿರಣದ ಚಿತ್ರವೇ ಸಾಕ್ಷಿ ನುಡಿಯುತ್ತದೆ. ಜ್ವರ ಬಂದವನ ಹಣೆ ಮುಟ್ಟಿದರೆ ಬಿಸಿ ತಿಳಿಯುತ್ತದೆ. ಆದರೆ ಹೊರಗೆ ಗಾಯವಿಲ್ಲ, ಊತವಿಲ್ಲ, ವರದಿಯಲ್ಲಿ ದೋಷವಿಲ್ಲ, ಒಳಗೆ ಮಾತ್ರ ಉರಿಯುತ್ತಿದೆ ಎಂದರೆ ಅದನ್ನು ನಂಬುವವರು ಯಾರು? ಇಂಥದೊಂದು ನೋವನ್ನು ಹತ್ತು ತಿಂಗಳ ಕಾಲ ಅನುಭವಿಸಿದ ಮೇಲೆ, ಅದರಿಂದ ನಾನು ಕಲಿತದ್ದನ್ನು ಓದುಗ ಬಂಧುಗಳ ಮುಂದೆ ಇಡಬೇಕೆನಿಸಿತು. ನನ್ನ ತಪ್ಪೂ ಇದರಲ್ಲಿ ಸೇರಿದೆಯಾದ್ದರಿಂದ ಬರೆಯಲು ಸ್ವಲ್ಪ ಸಂಕೋಚವೂ ಇದೆ.

2023ರಲ್ಲಿ ಅಧಿಕ ಶ್ರಾವಣ ಕಳೆದು ನಿಜ ಶ್ರಾವಣ ಕಾಲಿಟ್ಟಿದ್ದ ದಿನಗಳು ಅವು. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ನಿವೃತ್ತನಾದಂದಿನಿಂದ ನಾನು ಪಾಲಿಸಿಕೊಂಡು ಬಂದ ಪದ್ಧತಿ. ಗಂಗಾನಗರದ ನಮ್ಮ ಮನೆಯಿಂದ ಬರಿಹೊಟ್ಟೆಯಲ್ಲಿ ಹೊರಟು, ಬೆಳಗಿನ ಏಳು ಗಂಟೆಗೆಲ್ಲ ಹತ್ತಿರದ ರಕ್ತಪರೀಕ್ಷಾ ಕೇಂದ್ರವೊಂದನ್ನು ತಲುಪಿದೆ. ಆಗಲೇ ಹದಿನೈದು ಇಪ್ಪತ್ತು ಮಂದಿ ಕಾದಿದ್ದರು. ರಕ್ತ ತೆಗೆಯಲು ಇದ್ದವಳು ಒಬ್ಬಳೇ ಹುಡುಗಿ. ನನ್ನ ಸರದಿ ಬಂದಾಗ ಎಡತೋಳಿಗೆ ರಬ್ಬರು ಪಟ್ಟಿ ಬಿಗಿದು, ಮೊಣಕೈ ಮಡಿಕೆಯನ್ನು ಬೆರಳಿನಿಂದ ತಟ್ಟಿ ನೋಡಿ, "ನರ ಸಿಗ್ತಾ ಇಲ್ಲ ಸಾರ್" ಎಂದಳು. ಸೂಜಿ ಒಳಗೆ ಹೋಯಿತು, ರಕ್ತ ಬರಲಿಲ್ಲ. ಅವಳು ಸೂಜಿಯನ್ನು ಒಳಗೇ ಸ್ವಲ್ಪ ಹೊರಳಿಸಿದಳು. ಆ ಕ್ಷಣ ಮೊಣಕೈಯಿಂದ ಹೆಬ್ಬೆರಳಿನ ಬುಡದವರೆಗೆ ವಿದ್ಯುತ್ತಿನ ತಂತಿ ಮುಟ್ಟಿದಂತೆ ಒಂದು ಝಳಕು ಹರಿಯಿತು.

ನಾನು ಬಾಯಿ ಬಿಡಲಿಲ್ಲ. ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸಿದ ಮೇಷ್ಟ್ರು ನಾನು. "ಇಷ್ಟಕ್ಕೆಲ್ಲ ಅಳುವುದೇ?" ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೆನೋ ಲೆಕ್ಕವಿಲ್ಲ. ಎದುರಿಗೆ ಅಷ್ಟು ಜನ ಕುಳಿತಿರುವಾಗ, ನನ್ನ ಮೊಮ್ಮಗಳ ವಯಸ್ಸಿನ ಹುಡುಗಿಯ ಮುಂದೆ "ಅಯ್ಯೋ" ಎನ್ನುವುದೇ? ಹಲ್ಲು ಕಚ್ಚಿಕೊಂಡೆ. ಸೂಜಿ ಇನ್ನೂ ಅರ್ಧ ನಿಮಿಷ ಒಳಗೇ ಇತ್ತು. ಕೊನೆಗೆ ರಕ್ತ ಬಂತು, ಹತ್ತಿಯನ್ನು ಒತ್ತಿ ಹಿಡಿದುಕೊಂಡು ಮನೆಗೆ ಬಂದೆ.

ಮರುದಿನ ವರದಿ ಕೈಸೇರಿತು. ಸಕ್ಕರೆ, ಕೊಬ್ಬು, ಮೂತ್ರಪಿಂಡ, ಎಲ್ಲವೂ ಸರಿಯಾಗಿದ್ದವು. ಸರಿಯಿಲ್ಲದ್ದು ಆ ವರದಿಗಾಗಿ ಕೊಟ್ಟ ತೋಳು ಮಾತ್ರ. ಮೊಣಕೈ ಮಡಿಕೆಯಲ್ಲಿ ಒಂದು ಕಾಸಿನಷ್ಟು ಕಪ್ಪು ಕಲೆ ಇತ್ತು, ಒಂದು ವಾರದಲ್ಲಿ ಅದೂ ಮಾಯವಾಯಿತು. ಆದರೆ ಮುಂದೋಳಿನ ಹೆಬ್ಬೆರಳ ಕಡೆಯ ಚರ್ಮ ಮೆಣಸಿನಕಾಯಿ ಹಚ್ಚಿದಂತೆ ಉರಿಯತೊಡಗಿತು. ಅಂಗಿಯ ತೋಳು ತಾಗಿದರೆ ಉರಿ, ಫ್ಯಾನಿನ ಗಾಳಿ ಬಡಿದರೆ ಉರಿ. ಬಲವಾಗಿ ಒತ್ತಿದರೆ ಅಷ್ಟು ನೋವಿಲ್ಲ, ಹಗುರವಾಗಿ ಸವರಿದರೆ ಸಹಿಸಲಾಗದು! ಈ ವಿಚಿತ್ರವನ್ನು ಯಾರಿಗೆ ಹೇಳಿದರೂ ನಗುವಂತಿತ್ತು.

ಮನೆಗೆ ಬಂದವರೆಲ್ಲ ಒಂದೊಂದು ಮದ್ದು ಹೇಳಿದರು. "ನರ ಎಳೆದಿದೆ, ಎಣ್ಣೆ ಹಚ್ಚಿ ನೀವಿಸಿರಿ" ಎಂದರು ಒಬ್ಬರು. "ನರ ಸರಿದಿದೆ, ಬಿಸಿನೀರಿನ ಶಾಖ ಕೊಡಿರಿ" ಎಂದರು ಇನ್ನೊಬ್ಬರು. ಎರಡನ್ನೂ ಮಾಡಿದೆ. ನೀವಿಸಿದ ರಾತ್ರಿ ನಿದ್ದೆಯೇ ಬರಲಿಲ್ಲ. ಮಗನಂತೂ, "ಅಪ್ಪಾ, ದಿನಕ್ಕೆ ಎಷ್ಟು ಜನ ರಕ್ತ ಕೊಡುತ್ತಾರೆ? ಒಂದು ಸೂಜಿಯಿಂದ ಹೀಗೆಲ್ಲ ಆಗುತ್ತದೆಯೇ? ಅದನ್ನೇ ಯೋಚಿಸಬೇಡಿ" ಎಂದುಬಿಟ್ಟ. ಅವನ ಮಾತಿನಲ್ಲಿ ಕಾಳಜಿಯೇ ಇತ್ತು, ಆದರೂ ನನಗೆ ಅದು ನಾಟಿತು. ಅದೇ ಮಾತನ್ನು ನಾನೇ ಬೇರೊಬ್ಬರಿಗೆ ವರ್ಷಗಟ್ಟಲೆ ಹೇಳಿದ್ದೆನೆಂಬುದು ಆಗ ನೆನಪಾಗಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನೋವು ನನ್ನನ್ನು ಕಾಡಿದ್ದು ಬೆಳಗಿನ ಪೂಜೆಯ ಹೊತ್ತಿನಲ್ಲಿ. ಇಷ್ಟಲಿಂಗವನ್ನು ನಾವು ಧರಿಸಿ ಪೂಜಿಸುವುದು ಎಡದ ಅಂಗೈಯಲ್ಲಿ. ಬಾಲ್ಯದಿಂದ ರೂಢಿಯಾದ ಆ ಭಂಗಿಯಲ್ಲಿ ಕೈಗೆ ಭಾರವೆಂಬುದೇ ತಿಳಿದಿರಲಿಲ್ಲ. ಈಗ ಐದು ನಿಮಿಷಕ್ಕೇ ಮುಂದೋಳು ಉರಿದು ಅಂಗೈ ನಡುಗುತ್ತಿತ್ತು. ದೃಷ್ಟಿ ಲಿಂಗದಲ್ಲಿ ನಿಲ್ಲಬೇಕಾದ ಹೊತ್ತಿನಲ್ಲಿ ಮನಸ್ಸೆಲ್ಲ ಮೊಣಕೈಯಲ್ಲಿ ನೆಟ್ಟಿರುತ್ತಿತ್ತು. ಒಂದು ದಿನ ನನ್ನ ಶ್ರೀಮತಿ ಮಾತಿಲ್ಲದೆ ಮಡಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒಂದು ಪುಟ್ಟ ದಿಂಬಿನ ಮೇಲೆ ಹಾಸಿ, ನನ್ನ ಮೊಣಕೈಯ ಕೆಳಗೆ ಇರಿಸಿದಳು. ನಾನು ಬೇಡವೆಂದೆ. "ಲಿಂಗಕ್ಕೆ ಅಂಗೈ ಆಸರೆ. ಅಂಗೈಗೆ ಒಂದು ಆಸರೆ ಇದ್ದರೆ ದೋಷವೇನು?" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆರನೆಯ ವಾರ ಅವಳ ಒತ್ತಾಯಕ್ಕೆ ಮಣಿದು ನರರೋಗ ತಜ್ಞರೊಬ್ಬರಲ್ಲಿಗೆ ಹೋದೆವು. ನಮ್ಮ ಬೆಂಗಳೂರಿಗೆ ಈ ವಿಷಯದಲ್ಲಿ ಒಂದು ಭಾಗ್ಯವಿದೆ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಿಂದಾಗಿ ನಾಡಿನ ಮೂಲೆಮೂಲೆಗಳಿಂದ ನರದ ತೊಂದರೆಯುಳ್ಳವರು ಈ ಊರಿಗೆ ಬರುತ್ತಾರೆ, ನರವಿಜ್ಞಾನ ಬಲ್ಲ ವೈದ್ಯರೂ ಇಲ್ಲಿ ಸಿಗುತ್ತಾರೆ. ನಾನು ಹೇಳಿದ್ದನ್ನೆಲ್ಲ ಆ ವೈದ್ಯರು ಶಾಂತವಾಗಿ ಕೇಳಿದರು. ನಗಲಿಲ್ಲ. ಹತ್ತಿಯ ಎಳೆಯಿಂದ ತೋಳನ್ನು ಸವರಿ, ಉರಿಯುವ ಪ್ರದೇಶದ ಅಂಚನ್ನು ಪೆನ್ನಿನಿಂದ ಗುರುತಿಸಿದರು. ನನ್ನ ತೋಳಿನ ಮೇಲೆ ಒಂದು ಉದ್ದನೆಯ ಪಟ್ಟಿಯ ನಕ್ಷೆ ಮೂಡಿತು. "ನೋಡಿ, ನೀವು ಕಲ್ಪಿಸಿಕೊಂಡ ನೋವಾದರೆ ಅದು ಇಷ್ಟು ಸರಿಯಾಗಿ ಒಂದೇ ನರದ ಗಡಿಯೊಳಗೆ ಇರುತ್ತಿರಲಿಲ್ಲ" ಎಂದರು. ಆ ಮಾತು ಕೇಳಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಕನ್ನಡದಲ್ಲಿ ನಾವು 'ನರ' ಎಂಬ ಒಂದೇ ಮಾತನ್ನು ಎರಡಕ್ಕೂ ಬಳಸುತ್ತೇವೆ. ಚರ್ಮದ ಕೆಳಗೆ ನೀಲಿಯಾಗಿ ಕಾಣುವುದು ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಅಭಿಧಮನಿ. ರೂಢಿಯಲ್ಲಿ ಅದೂ 'ನರ'ವೇ. ಸ್ಪರ್ಶ, ನೋವು, ಬಿಸಿ, ತಂಪುಗಳ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಬಿಳಿಯ ಎಳೆಯೇ ನಿಜವಾದ ನರ, ಅದು ಹೊರಗೆ ಕಾಣುವುದಿಲ್ಲ. ಆ ಹುಡುಗಿ "ನರ ಸಿಗುತ್ತಿಲ್ಲ" ಎಂದು ಹುಡುಕಿದ್ದು ರಕ್ತನಾಳವನ್ನು, ಸೂಜಿಗೆ ಸಿಕ್ಕಿದ್ದು ನರ. ಮೂವತ್ತಮೂರು ವರ್ಷ ಕನ್ನಡ ಕಲಿಸಿದ ನನಗೆ ಈ ಒಂದು ಪದದ ಎರಡು ಅರ್ಥ ಹೀಗೆ ತಿಳಿಯಬೇಕಾಯಿತು.

ಮೊಣಕೈ ಮಡಿಕೆಯಲ್ಲಿ ಚರ್ಮದ ನರಗಳೂ ಅಭಿಧಮನಿಗಳೂ ಅಕ್ಕಪಕ್ಕದಲ್ಲೇ ಸಾಗುತ್ತವೆ. ಕೆಲವರಲ್ಲಿ ನರ ರಕ್ತನಾಳದ ಕೆಳಗೆ ಹಾದರೆ ಕೆಲವರಲ್ಲಿ ಮೇಲೆಯೇ ಹಾದಿರುತ್ತದೆ. ಆದ್ದರಿಂದ ಎಷ್ಟೇ ನುರಿತ ಕೈಯಾದರೂ ಅಪರೂಪಕ್ಕೆ ಹೀಗಾಗಬಹುದು. ಅಪಾಯವನ್ನು ಕಡಿಮೆ ಮಾಡುವ ಕ್ರಮಗಳು ಮಾತ್ರ ಇವೆ. ಮಡಿಕೆಯ ನಡುವಿನ ರಕ್ತನಾಳ ಮೊದಲ ಆಯ್ಕೆ, ಹೆಬ್ಬೆರಳ ಕಡೆಯದು ಎರಡನೆಯದು. ಕಿರುಬೆರಳ ಕಡೆಯ ರಕ್ತನಾಳದ ಸಮೀಪದಲ್ಲಿ ದೊಡ್ಡ ನರವೂ ಅಪಧಮನಿಯೂ ಇರುವುದರಿಂದ ಅದು ಕೊನೆಯ ಆಯ್ಕೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರತಂದ ಮಾರ್ಗದರ್ಶಿಯಂತೆ ಸೂಜಿ 30 ಡಿಗ್ರಿಯ ಕೋನವನ್ನು ಮೀರದೆ ಓರೆಯಾಗಿ ಹೋಗಬೇಕು. ರಕ್ತ ಬಾರದಿದ್ದರೆ ಒಳಗೇ ಅತ್ತಿತ್ತ ಹೊರಳಿಸಿ ಹುಡುಕಬಾರದು. ವಿದ್ಯುತ್ತು ಹರಿದಂತೆ ನೋವಾಯಿತೆಂದು ರೋಗಿ ಹೇಳಿದೊಡನೆ ಸೂಜಿಯನ್ನು ತೆಗೆದುಬಿಡಬೇಕು.

ನರವಾಹಕತೆಯ ಪರೀಕ್ಷೆಯಲ್ಲಿ ಎರಡೂ ತೋಳುಗಳಿಗೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ನೋಡಿದರು. ಬಲತೋಳಿನ ನರ ಕೊಟ್ಟ ಸಂಕೇತಕ್ಕಿಂತ ಎಡತೋಳಿನದು ಬಹಳ ಕುಗ್ಗಿತ್ತು. ಇದು ಚರ್ಮದ ಸಂವೇದನೆಯ ನರ ಮಾತ್ರವಾದ್ದರಿಂದ ಕೈಯ ಬಲಕ್ಕೆ ಕುಂದಿಲ್ಲವೆಂದರು. ಪೂಜೆಯಲ್ಲಿ ಕೈ ನಡುಗುತ್ತಿದ್ದುದು ನಿಶ್ಶಕ್ತಿಯಿಂದಲ್ಲ, ನೋವಿನಿಂದ.

ಇಂಥ ನೋವನ್ನು ಮೊದಲಿಗೆ ವಿಸ್ತಾರವಾಗಿ ದಾಖಲಿಸಿದವರು ಅಮೆರಿಕದ ವೈದ್ಯ ಸೈಲಾಸ್ ವೇರ್ ಮಿಚೆಲ್ ಎಂಬುದನ್ನು ಆಮೇಲೆ ಓದಿ ತಿಳಿದೆ. ಅಲ್ಲಿನ ಅಂತರ್ಯುದ್ಧದಲ್ಲಿ ಗುಂಡೇಟಿನಿಂದ ನರಗಳಿಗೆ ಪೆಟ್ಟಾದ ಸೈನಿಕರಿಗೆ ಫಿಲಡೆಲ್ಫಿಯದಲ್ಲಿ ಚಿಕಿತ್ಸೆ ನೀಡಿ, 1864ರಲ್ಲಿ ಇಬ್ಬರು ಸಹವೈದ್ಯರೊಡನೆ ಅವರು ಒಂದು ಗ್ರಂಥವನ್ನು ಪ್ರಕಟಿಸಿದರು. ಗಾಯ ಮಾಗಿದ ಮೇಲೂ ಆ ಸೈನಿಕರ ಕೈ ಉರಿಯುತ್ತಿತ್ತು. ಉರಿ ತಾಳಲಾರದೆ ಅವರು ಒದ್ದೆಬಟ್ಟೆಯನ್ನು ಸದಾ ಸುತ್ತಿಕೊಂಡಿರುತ್ತಿದ್ದರು. ಮಿಚೆಲ್ ಆ ನೋವಿಗೆ ಗ್ರೀಕ್ ಪದಗಳಿಂದ 'ಕಾಸಾಲ್ಜಿಯ', ಅಂದರೆ ಉರಿನೋವು, ಎಂದು ಹೆಸರಿಟ್ಟರು. ಯುದ್ಧಕ್ಕೆ ಹೋಗದಿರಲು ಸೈನಿಕರು ನಟಿಸುತ್ತಿರಬಹುದೇ ಎಂಬ ಪ್ರಶ್ನೆಯನ್ನೂ ಆ ವೈದ್ಯರು ಅದೇ ವರ್ಷ ಪರಿಶೀಲಿಸಿ ಬರೆದಿದ್ದಾರೆ. ಕಾಣದ ನೋವಿನ ಮೇಲೆ ಸಂಶಯ ಅಂದೂ ಇತ್ತೆಂದಾಯಿತು. ಗುಂಡು ಮಾಡಿದ ಗಾಯವೆಲ್ಲಿ, ಸೂಜಿ ಮಾಡಿದ್ದೆಲ್ಲಿ! ಆದರೂ ನರ ಉರಿಯುವ ಬಗೆ ಒಂದೇ.

ಇನ್ನು ನನ್ನ ತಪ್ಪಿನ ಮಾತಿಗೆ ಬರುತ್ತೇನೆ. ವೈದ್ಯರು ನನ್ನೊಡನೆ ಮಾತನಾಡುತ್ತ, ಕೈಯ ನರದ ತೊಂದರೆಗಳಲ್ಲಿ ಬಹು ಸಾಮಾನ್ಯವಾದುದನ್ನು ಉದಾಹರಿಸಿದರು. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ನಡುನರ ಒತ್ತಿಹೋಗಿ, ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ರಾತ್ರಿ ಜೋಮು ಹಿಡಿಯುತ್ತವೆ, ರೋಗಿ ನಿದ್ದೆಯಿಂದೆದ್ದು ಕೈ ಕೊಡವಿಕೊಳ್ಳುತ್ತಾನೆ ಎಂದರು. ನಾನು ಪಕ್ಕಕ್ಕೆ ತಿರುಗಿ ನೋಡಿದೆ. ನನ್ನ ಶ್ರೀಮತಿ ತಲೆ ತಗ್ಗಿಸಿ ಕುಳಿತಿದ್ದಳು. ಏಳೆಂಟು ವರ್ಷಗಳಿಂದ ಅವಳು ನಡುರಾತ್ರಿ ಎದ್ದು ಕುಳಿತು ಬಲಗೈಯನ್ನು ಕೊಡವುತ್ತಿದ್ದಳು. "ಏನೆಂದು ಹೇಳಲಿ, ಬೆರಳಲ್ಲಿ ಇರುವೆ ಹರಿದಂತಾಗುತ್ತದೆ" ಎನ್ನುತ್ತಿದ್ದಳು. "ಬೆಳಿಗ್ಗೆಯಿಂದ ನೀರಿನಲ್ಲಿ ಕೈಯಾಡಿಸಿದ್ದಕ್ಕೆ ಹಾಗೆ. ಅದನ್ನೇ ಯೋಚಿಸಬೇಡ, ಮಲಗು" ಎನ್ನುತ್ತ ನಾನು ಮಗ್ಗುಲು ಬದಲಿಸುತ್ತಿದ್ದೆ. ಆಮೇಲಾಮೇಲೆ ಅವಳು ಹೇಳುವುದನ್ನೇ ಬಿಟ್ಟಿದ್ದಳು. ವಾಸಿಯಾಗಿದೆಯೆಂದು ನಾನು ತಿಳಿದಿದ್ದೆ.

"ಡಾಕ್ಟರೇ, ಇವಳ ಕೈಯನ್ನೂ ಸ್ವಲ್ಪ ನೋಡುವಿರಾ?" ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಪರೀಕ್ಷಿಸಿದಾಗ ತೊಂದರೆ ಇದ್ದುದು ನಿಜವಾಯಿತು. ರಾತ್ರಿ ಮಣಿಕಟ್ಟನ್ನು ನೇರವಾಗಿ ಇರಿಸುವ ಒಂದು ಪಟ್ಟಿಯನ್ನು ಕಟ್ಟಿಕೊಂಡು ಮಲಗಲು ಹೇಳಿದರು. ಕೆಲವೇ ವಾರಗಳಲ್ಲಿ ಅವಳಿಗೆ ರಾತ್ರಿಯ ನಿದ್ದೆ ಮರಳಿತು. ಏಳೆಂಟು ವರ್ಷದ ನೋವಿಗೆ ಅಷ್ಟು ಸಣ್ಣ ಪರಿಹಾರ! ಆಟೋದಲ್ಲಿ ಬಳ್ಳಾರಿ ರಸ್ತೆ ಹಿಡಿದು ಮನೆಗೆ ಮರಳುವಾಗ, "ನನ್ನದು ತಪ್ಪಾಯಿತು" ಎಂದೆ. "ಮನೆಗೆ ಹೋಗಿ ಅಡಿಗೆ ಆಗಬೇಕು, ಹೊತ್ತಾಯಿತು" ಎಂದಳಷ್ಟೆ. ನನ್ನನ್ನು ದೂರಲಿಲ್ಲ. ದೂರಿದ್ದರೆ ಹಗುರವಾಗುತ್ತಿತ್ತೇನೋ.

ನನ್ನ ಚಿಕಿತ್ಸೆ ನಿಧಾನದ್ದು. ಮಾಮೂಲಿ ನೋವಿನ ಮಾತ್ರೆ ಈ ಉರಿಗೆ ಅಷ್ಟಾಗಿ ನಾಟುವುದಿಲ್ಲ. ಗ್ಯಾಬಪೆಂಟಿನ್ ಎಂಬ ಮಾತ್ರೆಯನ್ನು ಸ್ವಲ್ಪದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಿದರು, ಮುಂದೆ ಕ್ರಮೇಣವೇ ಇಳಿಸಿದರು. ಮೊದಲ ದಿನಗಳಲ್ಲಿ ತೂಕಡಿಕೆ ಬಹಳ. ಇದನ್ನು ವೈದ್ಯರು ಹೇಳದೆ ಯಾರೂ ಕೊಳ್ಳಬಾರದು, ತಾವಾಗಿ ಥಟ್ಟನೆ ನಿಲ್ಲಿಸಲೂ ಬಾರದು. ಜೊತೆಗೆ ಉರಿಯುವ ಚರ್ಮವನ್ನು ಸ್ಪರ್ಶಕ್ಕೆ ಮತ್ತೆ ಒಗ್ಗಿಸುವ ಅಭ್ಯಾಸವಿತ್ತು. ದಿನಕ್ಕೆ ನಾಲ್ಕೈದು ಬಾರಿ ಮೊದಲು ರೇಷ್ಮೆ ಬಟ್ಟೆ, ಕೆಲವು ವಾರ ಕಳೆದ ಮೇಲೆ ಹತ್ತಿ, ಆಮೇಲೆ ಒರಟು ಟವೆಲಿನಿಂದ ಹಗುರವಾಗಿ ಸವರುವುದು. ನೋವಿಗೆ ಹೆದರಿ ಕೈಯನ್ನು ಕಟ್ಟಿಹಾಕಬೇಡಿ, ಬಳಸುತ್ತಲೇ ಇರಿ ಎಂಬುದು ಅವರ ಕಟ್ಟಪ್ಪಣೆ.

ಪೆಟ್ಟಾದ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ. ನನ್ನ ಮೊಣಕೈಯಿಂದ ಹೆಬ್ಬೆರಳ ಬುಡಕ್ಕೆ 25 ಸೆಂಟಿಮೀಟರು, ಅಂದರೆ ಎಂಟು ತಿಂಗಳಿಗೂ ಮಿಗಿಲಾದ ದಾರಿ! ಪ್ರತಿ ಭೇಟಿಯಲ್ಲಿ ವೈದ್ಯರು ನರದ ಜಾಡಿನ ಮೇಲೆ ಬೆರಳಿನಿಂದ ತಟ್ಟುತ್ತ ಬರುತ್ತಿದ್ದರು. ಎಲ್ಲಿ ಝುಮ್ಮೆನ್ನುವುದೋ ಅಲ್ಲಿಯವರೆಗೆ ಎಳೆ ಬೆಳೆದಿದೆಯೆಂದು ಅರ್ಥ. 1915ರಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿರುವಾಗ, ಜರ್ಮನಿಯ ಹಾಫ್‌ಮನ್ ಮತ್ತು ಫ್ರಾನ್ಸಿನ ಟಿನೆಲ್ ಎಂಬ ವೈದ್ಯರು ಪರಸ್ಪರ ಅರಿಯದೆ ಒಂದೇ ವರ್ಷ ಈ ಲಕ್ಷಣವನ್ನು ಪ್ರಕಟಿಸಿದರಂತೆ. ದೇಶಗಳು ಕಾದಾಡುತ್ತಿದ್ದರೂ ಗಾಯಾಳುಗಳ ನರ ಎರಡೂ ಕಡೆ ಒಂದೇ ರೀತಿ ಚಿಗುರುತ್ತಿತ್ತು. ಮರುವರ್ಷದ ಜನವರಿಯಲ್ಲಿ ನನ್ನ ಝುಮ್ಮು ಮೊಣಕೈಯಿಂದ ಆರು ಬೆರಳಗಲ ಕೆಳಗಿಳಿದಿತ್ತು. 2024ರ ಜೂನ್ ವೇಳೆಗೆ ಉರಿ ಬಹುಮಟ್ಟಿಗೆ ಶಮನವಾಯಿತು. ಮಣಿಕಟ್ಟಿನ ಬಳಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಇಂದಿಗೂ ಮರಗಟ್ಟಿದೆ, ಚಳಿಗಾಲದಲ್ಲಿ ತನ್ನ ಇರವನ್ನು ನೆನಪಿಸುತ್ತದೆ.

ನಡುವೆ ಒಮ್ಮೆ ಆ ಪರೀಕ್ಷಾ ಕೇಂದ್ರಕ್ಕೆ ಹೋದೆ. ಜಗಳಕ್ಕಲ್ಲ, ನಡೆದದ್ದನ್ನು ತಿಳಿಸುವುದಕ್ಕೆ. ಅದೇ ಹುಡುಗಿ ಇದ್ದಳು. ಎಲ್ಲವನ್ನೂ ಕೇಳಿ ಅವಳ ಮುಖ ಬಾಡಿತು. "ಆವಾಗ್ಲೇ ಒಂದು ಮಾತು ಹೇಳಿದ್ರೆ ಸೂಜಿ ತೆಗೀತಿದ್ದೆ ಸಾರ್. ನೀವು ಸುಮ್ನೇ ಕೂತಿದ್ರಿ" ಎಂದಳು. ಸೂಜಿ ಹೊರಳಿಸಿದ್ದು ಅವಳ ತಪ್ಪೇ ಇರಬಹುದು. ಆದರೆ ಮುಂದಿನ ಆ ಅರ್ಧ ನಿಮಿಷ ನನ್ನದು. ಅದನ್ನು ತಾಳ್ಮೆಯೆಂದು ನಾನು ತಿಳಿದಿದ್ದೆ. ಹೇಳಬೇಕಾದ ಹೊತ್ತಿನಲ್ಲಿ ಬಾಯಿ ಮುಚ್ಚಿ ಕೂತರೆ ಅದು ಬರಿಯ ಬಿಂಕ. ಮುಂದೆ ಇನ್ನಾರ ಕೈಯಲ್ಲಾದರೂ ಸೂಜಿ ಹೊರಳಿಸದಿರು ಎಂದು ಹೇಳಿ ಬಂದೆ. ಹೊರಳಿಸುವುದಿಲ್ಲವೆಂದಳು.

ಇದನ್ನೋದಿ ಯಾರೂ ರಕ್ತಪರೀಕ್ಷೆಗೆ, ರಕ್ತದಾನಕ್ಕೆ ಹಿಂಜರಿಯಬಾರದು. ಅಮೆರಿಕದಲ್ಲಿ ರಕ್ತದಾನಿಗಳನ್ನು ಕುರಿತು 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ನರದ ತೊಂದರೆ ಸುಮಾರು 6,300 ದಾನಗಳಿಗೆ ಒಂದರಂತೆ ಕಂಡುಬಂತು, ಅವರಲ್ಲೂ ಬಹುಪಾಲು ಮಂದಿ ಪೂರ್ಣ ಗುಣಹೊಂದಿದರು. ಸೂಜಿ ಒಳಗಿರುವಾಗ ಮಿಂಚು ಹರಿದಂತಾದರೆ ಆ ಕ್ಷಣವೇ ಗಟ್ಟಿಯಾಗಿ ಹೇಳಿರಿ. ಉರಿ, ಜೋಮು ಕೆಲವು ದಿನಗಳಲ್ಲಿ ಇಳಿಯದಿದ್ದರೆ ನೀವಿಸದೆ ವೈದ್ಯರನ್ನು ಕಾಣಿರಿ. ಸೂಜಿ ಚುಚ್ಚಿದಲ್ಲಿ ಊತ ಹೆಚ್ಚುತ್ತಾ ಹೋದರೆ, ಬೆರಳುಗಳು ನಿಶ್ಶಕ್ತವಾದರೆ ಅಂದೇ ಹೋಗಬೇಕು. ಕೈಯ ಬಣ್ಣ ಬದಲಾಗುವುದು, ಒಂದು ಕೈ ಮಾತ್ರ ಬೆವರುವುದು, ಬಿಸಿಯಾಗುವುದು ಅಥವಾ ತಣ್ಣಗಾಗುವುದು ಕಂಡರೂ ತಡಮಾಡಬಾರದು. ಪೆಟ್ಟಿಗೆ ಮೀರಿ ಬೆಳೆಯುವ ಬೇರೊಂದು ನೋವುಬೇನೆಯ ಸೂಚನೆ ಅದಾಗಿರಬಹುದು.

ಮನೆಯಲ್ಲಿ ಯಾರಾದರೂ ಕಾಣದ ನೋವನ್ನು ಹೇಳಿಕೊಂಡರೆ, "ಅದನ್ನೇ ಯೋಚಿಸಬೇಡ" ಎನ್ನುವ ಮುನ್ನ "ಎಲ್ಲಿ, ಯಾವಾಗಿನಿಂದ, ಹೇಗಿದೆ?" ಎಂದು ಕೇಳೋಣ. ಈ ಮೂರು ಪ್ರಶ್ನೆಗಳಿಗೆ ಒಂದು ನಿಮಿಷವೂ ಬೇಡ. ಏಳೆಂಟು ವರ್ಷ ನಾನು ಅವನ್ನು ಕೇಳಲಿಲ್ಲ.

ಈಗ ಎಡದ ಅಂಗೈ ಪೂಜೆಯ ಹೊತ್ತಿನಲ್ಲಿ ನಡುಗುವುದಿಲ್ಲ. ಆದರೂ ಆ ಪುಟ್ಟ ದಿಂಬು, ಅದರ ಮೇಲಿನ ನಾಲ್ಕು ಮಡಿಕೆಯ ಬಟ್ಟೆ ಪೂಜೆಯ ಮಣೆಯ ಪಕ್ಕದಲ್ಲೇ ಇವೆ. ತೆಗೆದಿಡಲೇ ಎಂದು ಅವಳು ಕೇಳಿದಳು. ಇರಲಿ ಎಂದೆ.